100 ಎಚ್‌ಪಿ ಕಿಟ್ ವಿಮಾನದಲ್ಲಿ ರಾಕಿ ಪರ್ವತ ದಾಟಬಹುದಾ?

ನೀವು ಕೇಳಿದ್ದು ಇಷ್ಟು: ಡೆನ್ವರ್ ಹತ್ತಿರ ಇದ್ದೀರಿ, ಗ್ಯಾರೇಜಿನಲ್ಲಿ ಎರಡು ಸೀಟಿನ ಕಿಟ್ ವಿಮಾನ ಕಟ್ಟುತ್ತಿದ್ದೀರಿ, 100 ಎಚ್‌ಪಿಯ ರೋಟ್ಯಾಕ್ಸ್ 912 ಎಂಜಿನ್ ಹಾಕುತ್ತೀರಿ. ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ 900 ಅಡಿ ಏರುತ್ತದೆ, ಸರ್ವಿಸ್ ಸೀಲಿಂಗ್ 14,000 ಅಡಿ ಅಂತ ಕಂಪನಿ ಬರೆದಿದೆ. ಇದರಲ್ಲಿ ಬೆಟ್ಟಗಳ ನಡುವಿನ ಲೆಡ್‌ವಿಲ್ ಊರಿಗೆ ಹೋಗಿ ಇಳಿದು, ಅಲ್ಲಿಂದ ಪಶ್ಚಿಮಕ್ಕೆ ದಾಟಬಹುದಾ?

ಬೆಳಗ್ಗೆ ಬೇಗ, ಒಬ್ಬರೇ, ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ, ಗಾಳಿ ಇಲ್ಲದ ದಿನ, ಸರಿಯಾದ ದಾರಿ ಹಿಡಿದರೆ ಆಗುತ್ತದೆ. ಜುಲೈ ಮಧ್ಯಾಹ್ನ ಜೊತೆಗೊಬ್ಬರನ್ನು ಕೂರಿಸಿಕೊಂಡು ಅಂದರೆ ದಯವಿಟ್ಟು ಬೇಡ. ನಾನು ಲಾಂಗ್‌ಮಾಂಟ್‌ನಿಂದ ನಾನೇ ಕಟ್ಟಿದ ಆರ್‌ವಿ-9ಎ ಕಿಟ್ ವಿಮಾನ ಹಾರಿಸುತ್ತೇನೆ, ಇದೇ ಬೆಟ್ಟಗಳ ಮೇಲೆ. ಆ 14,000 ಅನ್ನುವ ಸಂಖ್ಯೆಯನ್ನು ನಂಬಿ ಪ್ಲಾನ್ ಮಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಸರ್ವಿಸ್ ಸೀಲಿಂಗ್ ಅಂದರೆ ಅಲ್ಲಿವರೆಗೆ ಆರಾಮಾಗಿ ಹಾರಬಹುದು ಅಂತಲ್ಲ. ಏರುವ ವೇಗ ನಿಮಿಷಕ್ಕೆ 100 ಅಡಿಗೆ ಕುಸಿಯುವ ಎತ್ತರ ಅದು, ಅಷ್ಟೇ. ಬೆಟ್ಟದ ಇಳಿಗಾಳಿ ನಿಮಿಷಕ್ಕೆ 1,000 ಅಡಿ ಕೆಳಕ್ಕೆ ತಳ್ಳುವುದು ಇಲ್ಲಿ ಅಪರೂಪವೇನಲ್ಲ. ಅಂಥ ಕಡೆ 100 ಅಡಿಯಿಂದ ಏನು ಉಪಯೋಗ? ಅದೂ ಅಲ್ಲದೆ ಆ 14,000 ಸ್ಟಾಂಡರ್ಡ್ ಹವೆಯ ಲೆಕ್ಕ, ಅಂದರೆ ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಅಲ್ಲಿಂದ ಪ್ರತಿ 1,000 ಅಡಿಗೆ 2 ಡಿಗ್ರಿ ಕಡಿಮೆ. ವಿಮಾನಕ್ಕೆ ನಕ್ಷೆಯ ಎತ್ತರ ಗೊತ್ತಾಗುವುದಿಲ್ಲ, ಗಾಳಿ ಎಷ್ಟು ತೆಳುವಾಗಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು. ಸ್ಟಾಂಡರ್ಡ್‌ಗಿಂತ ಒಂದು ಡಿಗ್ರಿ ಬಿಸಿ ಇದ್ದರೆ ಸುಮಾರು 120 ಅಡಿ ಸೇರಿಸಿಕೊಳ್ಳಿ.

ಬೆಂಗಳೂರನ್ನೇ ತೆಗೆದುಕೊಳ್ಳಿ. ಜಕ್ಕೂರು ಸುಮಾರು 3,000 ಅಡಿ ಎತ್ತರದಲ್ಲಿದೆ, ಅಲ್ಲಿ ಸ್ಟಾಂಡರ್ಡ್ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಅಂದರೆ 26 ಡಿಗ್ರಿ ಜಾಸ್ತಿ, ಹಾಗಾಗಿ ಅಲ್ಲಿನ ವಿಮಾನಕ್ಕೆ ಅದು 6,100 ಅಡಿಯ ಊರು. ಈಗ ಲೆಡ್‌ವಿಲ್. ಉತ್ತರ ಅಮೆರಿಕದಲ್ಲೇ ಅತಿ ಎತ್ತರದ ಸಾರ್ವಜನಿಕ ವಿಮಾನ ನಿಲ್ದಾಣ, 9,934 ಅಡಿ. ಇಳಿದವರಿಗೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ಅದಕ್ಕೇ ಎಷ್ಟೋ ಜನ ಹೋಗುತ್ತಾರೆ. ಅಲ್ಲಿ ಬೇಸಿಗೆ ಮಧ್ಯಾಹ್ನ 20 ಡಿಗ್ರಿ ಇದ್ದರೆ, ನಮಗೆ ಹಿತವಾದ ಹವೆ, ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 12,900 ಅಡಿ!

ನಿಮ್ಮ ಕಂಪನಿಯ ಸಂಖ್ಯೆಗಳನ್ನೇ ಇಟ್ಟು ಲೆಕ್ಕ ಹಾಕೋಣ. ಏರುವ ವೇಗ ಎತ್ತರದ ಜೊತೆ ಹೆಚ್ಚುಕಡಿಮೆ ಒಂದೇ ಸಮನೆ ಇಳಿಯುತ್ತದೆ. 12,900 ಅಡಿಯಲ್ಲಿ ನಿಮಗೆ ಉಳಿಯುವುದು ನಿಮಿಷಕ್ಕೆ 160 ಅಡಿ. ಟರ್ಬೊ ಇಲ್ಲದ 100 ಎಚ್‌ಪಿ ಎಂಜಿನ್ ಆ ಗಾಳಿಯಲ್ಲಿ 63 ಎಚ್‌ಪಿ ಆಸುಪಾಸು ಕೊಡುತ್ತದೆ. ಮೀಟರಿನಲ್ಲಿ 65 ಮೈಲಿ ವೇಗ ಕಂಡರೂ ನಿಜವಾದ ವೇಗ 79 ಮೈಲಿ, ಯಾಕೆಂದರೆ ತೆಳು ಗಾಳಿಯಲ್ಲಿ ರೆಕ್ಕೆ ಅಷ್ಟೇ ಎತ್ತುಬಲ ಕೊಡಬೇಕಾದರೆ ಜಾಸ್ತಿ ವೇಗ ಬೇಕು. ಎರಡನ್ನೂ ಸೇರಿಸಿ ನೋಡಿದರೆ ಒಂದು ಮೈಲಿ ಮುಂದೆ ಹೋಗುವಷ್ಟರಲ್ಲಿ ನೀವು ಏರುವುದು 125 ಅಡಿಯೂ ಇಲ್ಲ. ರನ್‌ವೇ ಓಟವಂತೂ ಸಮುದ್ರ ಮಟ್ಟದ ಎರಡೂವರೆ ಪಟ್ಟಿನ ಹತ್ತಿರ ಬರುತ್ತದೆ. ಲೆಡ್‌ವಿಲ್ ರನ್‌ವೇ 6,400 ಅಡಿ ಉದ್ದ ಇದೆ, ಹಾಗಾಗಿ ನೆಲ ಬಿಡುವುದು ಕಷ್ಟವಲ್ಲ. ಕಷ್ಟ ಇರುವುದು ನೆಲ ಬಿಟ್ಟ ಮೇಲೆ. ಲೇಹ್‌ಗೆ ಹೋಗುವ ದೊಡ್ಡ ಜೆಟ್‌ಗಳೂ ಬೆಳಗ್ಗೆಯೇ ಹೋಗಿ ಬರುವುದು ಸುಮ್ನೆ ಅಲ್ಲ. ಅಲ್ಲಿನ ನಿಲ್ದಾಣವೂ 10,600 ಅಡಿ ಮೀರಿದ್ದು, ಮಧ್ಯಾಹ್ನ ಬಿಸಿಲೂ ಗಾಳಿಯೂ ಏರುತ್ತವೆ.

ದಾರಿ ವಿಷಯ. ಲೆಡ್‌ವಿಲ್‌ನಿಂದ ಪಶ್ಚಿಮಕ್ಕೆ ಮೂತಿ ತಿರುಗಿಸಿದರೆ ಎದುರಿಗೆ ಸಾವಾಚ್ ಸಾಲು, ಅದರಲ್ಲಿ 14,400 ಅಡಿ ಮೀರಿದ ಮೌಂಟ್ ಎಲ್ಬರ್ಟ್. ಆ ಸಾಲು ದಾಟುವ ಕಣಿವೆ ದಾರಿ ಇಂಡಿಪೆಂಡೆನ್ಸ್ ಪಾಸ್ 12,095 ಅಡಿ, ಅದರ ಮೇಲೆ 2,000 ಅಡಿ ಅಂತರ ಬಿಡಬೇಕು ಅಂದರೆ ನಿಮ್ಮ ಸೀಲಿಂಗೇ ದಾಟಿಹೋಗುತ್ತದೆ. ಅದನ್ನು ಬಿಟ್ಟುಬಿಡಿ. ಉತ್ತರಕ್ಕೆ ಟೆನೆಸ್ಸಿ ಪಾಸ್ 10,424 ಅಡಿ, ಅಲ್ಲಿಂದ ಈಗಲ್ ಕಣಿವೆಗೆ ಇಳಿಯಬಹುದು. ಏರುವುದು ನಿಧಾನ ಅನ್ನಿಸಿದರೆ ದಕ್ಷಿಣಕ್ಕೆ ಹೋಗಿ, ಅರ್ಕಾನ್ಸಾ ನದಿಯ ಕಣಿವೆ ಬ್ಯೂನಾ ವಿಸ್ಟಾವರೆಗೆ ಸುಮಾರು 2,000 ಅಡಿ ಕೆಳಗಿಳಿಯುತ್ತದೆ. ನೆಲವೇ ನಿಮ್ಮಿಂದ ದೂರ ಸರಿಯುವ ದಿಕ್ಕು ಅದೊಂದೇ. ಸಾಲುಬೆಟ್ಟವನ್ನು ಯಾವತ್ತೂ ಎದುರಾಎದುರು ದಾಟಬೇಡಿ, 45 ಡಿಗ್ರಿ ಓರೆಯಲ್ಲಿ ಹೋಗಿ. ಆಗ ಅರ್ಧ ತಿರುವಿನಲ್ಲೇ ವಾಪಸ್ ಬರಬಹುದು. ಶಿಖರದ ಮಟ್ಟದಲ್ಲಿ ಗಾಳಿ 25 ನಾಟ್ ಮೀರಿದೆ ಅಂತ ಮುನ್ಸೂಚನೆ ಇದ್ದರೆ ಮನೆಯಲ್ಲೇ ಇರಿ.

ಎಂಜಿನ್ ಬಗ್ಗೆ. ಎರಡು ಕಾರ್ಬುರೇಟರ್ ಇರುವ 912 ಎತ್ತರಕ್ಕೆ ತಕ್ಕಂತೆ ಪೆಟ್ರೋಲನ್ನು ಬಹುಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ, ಅದು ನಿಮಗೊಂದು ಅನುಕೂಲ. ನನ್ನ ವಿಮಾನದ ಲೈಕಮಿಂಗ್ ಎಂಜಿನ್‌ನಲ್ಲಿ ಅದು ನನ್ನ ಕೆಲಸ. ಲೆಡ್‌ವಿಲ್‌ನಲ್ಲಿ ರನ್‌ವೇಗೆ ಹತ್ತುವ ಮುಂಚೆ ಬ್ರೇಕ್ ಹಿಡಿದು ಫುಲ್ ಥ್ರಾಟಲ್ ಕೊಟ್ಟು, ಪೆಟ್ರೋಲ್ ಕಡಿಮೆ ಮಾಡುವ ಕೆಂಪು ಮಿಕ್ಸ್ಚರ್ ನಾಬನ್ನು ಮೆಲ್ಲಗೆ ಹೊರಗೆ ಎಳೆಯುತ್ತೇನೆ. ಮೊದಲು ಎಂಜಿನ್ ಗೊರಗುಟ್ಟುತ್ತಿರುತ್ತದೆ, ಆಮೇಲೆ ದನಿ ತಿಳಿಯಾಗಿ ಆರ್‌ಪಿಎಂ ಏರುತ್ತದೆ, ಇನ್ನೂ ಎಳೆದರೆ ಬೀಳಲು ಶುರು. ಅಲ್ಲಿಂದ ಸ್ವಲ್ಪ ಒಳಕ್ಕೆ ತಳ್ಳಿ ಬಿಡಬೇಕು. ಸಮುದ್ರ ಮಟ್ಟದ ಅಭ್ಯಾಸದಲ್ಲಿ ನಾಬ್ ಪೂರ್ತಿ ಒಳಗಿಟ್ಟು ಹೊರಟರೆ ಇದ್ದ ಸ್ವಲ್ಪ ಶಕ್ತಿಯೂ ಹೋಗುತ್ತದೆ.

ನೀವು ಗಮನ ಕೊಡಬೇಕಾದ್ದು ಪ್ರೊಪೆಲರಿಗೆ. 912ರ 100 ಎಚ್‌ಪಿ ಸಿಗುವುದು 5,800 ಆರ್‌ಪಿಎಂನಲ್ಲಿ, ಅದೂ 5 ನಿಮಿಷ ಮಾತ್ರ, ಆಮೇಲೆ 5,500. ಏರುವಾಗ ಎಂಜಿನ್ 5,200 ದಾಟದಂತೆ ಪಿಚ್, ಅಂದರೆ ಪ್ರೊಪೆಲರ್ ಅಲಗಿನ ಕೋನ, ಇಟ್ಟಿದ್ದರೆ ನೀವು ದುಡ್ಡು ಕೊಟ್ಟ ಎಚ್‌ಪಿಯನ್ನು ಹ್ಯಾಂಗರಿನಲ್ಲೇ ಬಿಟ್ಟು ಹೊರಟ ಹಾಗೆ. ನೆಲದ ಮೇಲೆ ಕೋನ ಬದಲಿಸಬಹುದಾದ ಪ್ರೊಪೆಲರ್ ತಗೊಂಡು ಇಲ್ಲಿನ ಗಾಳಿಗೆ ತಕ್ಕ ಹಾಗೆ ಪಿಚ್ ಕಡಿಮೆ ಮಾಡಿ. ಟೆಕ್ಸಾಸ್ ಕಡಲತೀರಕ್ಕೆ ಹೋಗುವ ಮುಂಚೆ ಮತ್ತೆ ಬದಲಿಸಬೇಕು, ಇಲ್ಲದಿದ್ದರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ.

ರೆಕ್ಕೆಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಎತ್ತರದಲ್ಲಿ ಅರ್ಧ ಕಥೆ ಅದೇ. ತೆಳು ಗಾಳಿಯಲ್ಲಿ ರೆಕ್ಕೆ ಮೂತಿ ಎತ್ತಿಕೊಂಡು ಹಾರುತ್ತದೆ, ಆಗ ಎತ್ತುಬಲದ ಜೊತೆಗೇ ಬರುವ ಎಳೆತ ಜಾಸ್ತಿ. ಉದ್ದ ರೆಕ್ಕೆ ಅದನ್ನು ಕಡಿಮೆ ಮಾಡುತ್ತದೆ. ಆರ್‌ವಿ-7ರ ರೆಕ್ಕೆ ತುದಿಯಿಂದ ತುದಿಗೆ 25 ಅಡಿ, ಆರ್‌ವಿ-9ರದ್ದು 28. ನಾನು 9 ಆರಿಸಿಕೊಂಡಿದ್ದೇ ಆ ಮೂರು ಅಡಿಗಾಗಿ. ಗಿಡ್ಡ, ದಪ್ಪ ರೆಕ್ಕೆಯ ಎಸ್‌ಟಿಒಎಲ್ (ಕಡಿಮೆ ಜಾಗದಲ್ಲಿ ಏರಿ ಇಳಿಯುವ) ಕಿಟ್‌ಗಳು ಮರಳಿನಲ್ಲಿ ಇಳಿಯಲು ಚೆನ್ನ, 13,000 ಅಡಿಯಲ್ಲಿ ಒದ್ದಾಡುತ್ತವೆ.

ಟರ್ಬೊ ಹಾಕಿದರೆ ಎಲ್ಲ ಸರಿಹೋಗುತ್ತದಲ್ವಾ ಅಂತ ನೀವು ಕೇಳಬಹುದು. ರೋಟ್ಯಾಕ್ಸ್ 915 ತನ್ನ 141 ಎಚ್‌ಪಿಯನ್ನು 15,000 ಅಡಿವರೆಗೂ ಕೊಡುತ್ತದೆ, ಅದ್ಭುತ ಎಂಜಿನ್. ಬ್ರೂಸ್ ಬೊಹಾನನ್ 2003ರಲ್ಲಿ ಆರ್‌ವಿ-4 ಆಧರಿಸಿ ರೆಕಾರ್ಡಿಗಾಗಿಯೇ ಕಟ್ಟಿದ ವಿಮಾನದಲ್ಲಿ 47,067 ಅಡಿ ಮುಟ್ಟಿದರು, ಅಂದರೆ ಚಿಕ್ಕ ವಿಮಾನಕ್ಕೆ ಎತ್ತರ ಅಸಾಧ್ಯವೇನಲ್ಲ. ಆದರೆ ತೂಕ, ದುಡ್ಡು, ಕೂಲಿಂಗ್ ಎಲ್ಲ ಬೇರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಫ್ಲಟರ್, ಅಂದರೆ ವೇಗ ಮಿತಿ ಮೀರಿದಾಗ ರೆಕ್ಕೆ ಬಾಲ ಅದುರಿ ಮುರಿಯುವುದು. ಆರ್‌ವಿಗಳ ಗರಿಷ್ಠ ವೇಗದ ಮಿತಿ ನಿಜವಾದ ವೇಗಕ್ಕೆ ಹೇಳಿದ್ದು, ಮೀಟರಿನ ಸಂಖ್ಯೆಗೆ ಅಲ್ಲ. ಎತ್ತರದಲ್ಲಿ ಮೀಟರಿನ ಮುಳ್ಳು ಸುರಕ್ಷಿತ ಹಸಿರು ಪಟ್ಟಿಯಲ್ಲೇ ಇರುವಾಗ ಆ ಮಿತಿ ದಾಟಿರಬಹುದು. ಕಿಟ್ ಕಂಪನಿ ಒಪ್ಪದ ಎಂಜಿನ್ ಹಾಕಬೇಡಿ.

ಕಂಪನಿಯ ಸಂಖ್ಯೆಯನ್ನು ನಂಬಿ ಪ್ಲಾನ್ ಮಾಡಬೇಡಿ ಅಂದೆ, ಹಾಗಾದರೆ ಯಾವುದನ್ನು ನಂಬುವುದು? ನೀವೇ ಅಳೆದದ್ದನ್ನು. ಒಂದೇ ಕಿಟ್‌ನಿಂದ ಕಟ್ಟಿದ ಎರಡು ವಿಮಾನಗಳು ಒಂದೇ ತರ ಏರುವುದಿಲ್ಲ. ನೀವು ಹೇಗೂ ಮೊದಲು ಪರೀಕ್ಷಾ ಹಾರಾಟ ಮಾಡಲೇಬೇಕು, ಸಾಮಾನ್ಯವಾಗಿ 25 ಅಥವಾ 40 ಗಂಟೆ, ಅದನ್ನು ಊರ ಸುತ್ತ ಸುತ್ತಿ ಕಳೆಯಬೇಡಿ. ಎತ್ತರ ತೋರಿಸುವ ಆಲ್ಟಿಮೀಟರನ್ನು 29.92ಕ್ಕೆ, ಅಂದರೆ ಸ್ಟಾಂಡರ್ಡ್ ಒತ್ತಡಕ್ಕೆ, ತಿರುಗಿಸಿ, ಹೊರಗಿನ ತಾಪಮಾನ ಬರೆದುಕೊಂಡು, 7,000ದಿಂದ 8,000 ಅಡಿಗೆ ಏರಲು ಎಷ್ಟು ಸೆಕೆಂಡ್ ಬೇಕು ಅಂತ ಸ್ಟಾಪ್‌ವಾಚ್ ಹಿಡಿದು ನೋಡಿ. ಕೆಳಗಿಳಿದು ಬೇರೆ ವೇಗದಲ್ಲಿ ಮತ್ತೆ ಏರಿ. ಹಾಗೇ ಮೇಲೆ ಮೇಲೆ ಹೋಗಿ, ಪೂರ್ತಿ ತೂಕದಲ್ಲೂ ಮಾಡಿ. ನಿಮಿಷಕ್ಕೆ 300 ಅಡಿ ಏರಲು ಆಗದ ಎತ್ತರ ಯಾವುದೋ ಅದೇ ಬೆಟ್ಟದಲ್ಲಿ ನಿಮ್ಮ ಸೀಲಿಂಗ್ ಅಂತ ನನ್ನ ಅಭಿಪ್ರಾಯ.

ಇನ್ನು ಆಕ್ಸಿಜನ್. 12,500 ಅಡಿ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಇದ್ದರೆ, 14,000 ಮೀರಿದರೆ ಪೂರ್ತಿ ಹೊತ್ತು, ಪೈಲಟ್‌ಗೆ ಕಡ್ಡಾಯ. ನಾನು ಅದಕ್ಕೂ ಕೆಳಗೇ ಹಾಕಿಕೊಳ್ಳುತ್ತೇನೆ. ಕೊಲರಾಡೊ ಪೈಲಟ್ಸ್ ಅಸೋಸಿಯೇಷನ್ ಬೆಟ್ಟದ ಹಾರಾಟದ ಕೋರ್ಸ್ ನಡೆಸುತ್ತದೆ, ಮೊದಲ ಸಲ ದಾಟುವ ಮುಂಚೆ ಅದನ್ನು ಮಾಡಿ. ನಿಮ್ಮ ವಿಮಾನದ ರೆಕ್ಕೆಯ ಉದ್ದ, ಖಾಲಿ ತೂಕ, ಯಾವ ಪ್ರೊಪೆಲರ್ ಅಂತ ಬರೆದು ತಿಳಿಸಿದರೆ ಇನ್ನೂ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ.