ಯಾರ ರಕ್ತ, ಯಾವ ಕೋಶ, ಎಣಿಸಿದವರು ಯಾರು?

ನಮಸ್ಕಾರ.

‘ರಕ್ತದಲ್ಲೇ ಅಡಗಿದೆ ಮರೆವಿನ ಗುಟ್ಟು’ ಎಂದು ನೀವು ಕಳಿಸಿದ ಲೇಖನ ಓದಿದೆ. ಆಲ್ಝೈಮರ್ ಕಾಯಿಲೆ ಇರುವವರ ರಕ್ತಕೋಶಗಳಲ್ಲಿ ಡಿಎನ್‌ಎಗೆ ಪೆಟ್ಟು ಬಿದ್ದಿರುತ್ತದೆ, ಕೋಶ ಎರಡಾಗುವಾಗ ಕ್ರೋಮೋಸೋಮುಗಳ (ಡಿಎನ್‌ಎ ಸುತ್ತಿಟ್ಟ ಕಟ್ಟುಗಳ) ಹಂಚಿಕೆ ಎಡವಟ್ಟಾಗಿರುತ್ತದೆ, ಹಾಗಾಗಿ ರಕ್ತ ನೋಡಿಯೇ ಕಾಯಿಲೆ ಹೇಳಬಹುದು. ಇದು ನಿಮ್ಮ ಲೇಖನದ ಸಾರ. ಪ್ರಕಟಿಸಲಾಗದ ಲೇಖನಕ್ಕೆ ನಾವು ಎರಡು ಸಾಲು ಬರೆದು ಸುಮ್ಮನಾಗುತ್ತೇವೆ. ನಿಮ್ಮದನ್ನು ಹಾಗೆ ಬಿಡಲು ಮನಸ್ಸಾಗಲಿಲ್ಲ. ಹೀಗೇ ಬರೆಯುವವರು ಇನ್ನೂ ತುಂಬಾ ಜನ ಇದ್ದಾರೆ. ಅದಕ್ಕೇ ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಹಾಕುತ್ತಿದ್ದೇನೆ.

ಮೊದಲು ಒಳ್ಳೆಯ ಮಾತು. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ಮರೆವಿನ ಕಾಯಿಲೆ ಬಗ್ಗೆ ನಮಗೆ ಬರುವ ಲೇಖನಗಳು ಬಾದಾಮಿ ತಿನ್ನಿ, ಪದಬಂಧ ಬಿಡಿಸಿ ಎನ್ನುವಲ್ಲಿಗೆ ಮುಗಿದುಹೋಗುತ್ತವೆ. ನೀವು ಕೋಶದೊಳಗೆ ಇಳಿದಿದ್ದೀರಿ. ಸಂತೋಷ. ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಎರಡನೇ ಪ್ಯಾರಾದ ಮೊದಲ ವಾಕ್ಯ: ‘ಆಲ್ಝೈಮರ್ ರೋಗಿಗಳ ರಕ್ತಕಣಗಳಲ್ಲಿ ಕ್ರೋಮೋಸೋಮುಗಳು ಅಸ್ಥಿರವಾಗಿರುತ್ತವೆ ಎಂದು ಸಂಶೋಧನೆಗಳು ಸಾಬೀತುಪಡಿಸಿವೆ.’

ಯಾವ ರಕ್ತಕಣ? ರಕ್ತದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಕೆಂಪು ಕಣ. ಅದರೊಳಗೆ ನ್ಯೂಕ್ಲಿಯಸ್ಸೇ ಇಲ್ಲ, ಇನ್ನು ಕ್ರೋಮೋಸೋಮ್ ಎಲ್ಲಿಂದ ಬರಬೇಕು? ನೀವು ಹೇಳಬೇಕಿದ್ದದ್ದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್ ಬಗ್ಗೆ. ಆ ಹೆಸರು ಲೇಖನದಲ್ಲಿ ಒಂದು ಸಲವೂ ಬಂದಿಲ್ಲ.

ಯಾವ ಸಂಶೋಧನೆ? ಅದೂ ಇಲ್ಲ. ಇದು ಗಾಳಿಯಲ್ಲಿ ಹುಟ್ಟಿದ ಸುದ್ದಿ ಏನಲ್ಲ. ಇಟಲಿಯ ಪೀಸಾ ವಿಶ್ವವಿದ್ಯಾಲಯದಲ್ಲಿ ಲೂಚಿಯಾ ಮಿಲ್ಯೋರೆ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಈ ಕೆಲಸ ಮಾಡಿದ್ದಾರೆ. ರೋಗಿಗಳ ಲಿಂಫೋಸೈಟುಗಳಲ್ಲಿ ಕ್ರೋಮೋಸೋಮ್ ಸಂಖ್ಯೆ ಏರುಪೇರಾಗುವುದು ಜಾಸ್ತಿ ಎಂದು 1997ರಲ್ಲಿ ಬರೆದರು. ಯಾವ ಕ್ರೋಮೋಸೋಮ್ ಹೆಚ್ಚು ದಾರಿ ತಪ್ಪುತ್ತದೆ ಎಂದು 1999ರಲ್ಲಿ ಬರೆದರು. ಅದಕ್ಕೆ ನಾಮಮಾತ್ರದ ಒಂದು ಸಾಲೂ ಇಲ್ಲದೆ ‘ಸಂಶೋಧನೆಗಳು ಸಾಬೀತುಪಡಿಸಿವೆ’ ಎಂದು ಮುಂದೆ ಹೋಗಿಬಿಟ್ಟಿದ್ದೀರಿ.

ಅದರ ಮುಂದಿನ ವಾಕ್ಯ ಓದಿ ಕನ್ನಡಕ ತೆಗೆದಿಟ್ಟೆ: ‘ರೋಗಿಯ ನರನಾಡಿಗಳಲ್ಲಿ ಒಡೆದ ಕ್ರೋಮೋಸೋಮುಗಳ ಪ್ರವಾಹವೇ ಹರಿಯುತ್ತಿರುತ್ತದೆ.’

ಹರಿಯುವುದಿಲ್ಲ ತಾಯಿ. ರಕ್ತದಲ್ಲಿ ಓಡಾಡುವ ಲಿಂಫೋಸೈಟ್ ಬಹುಪಾಲು ವಿಶ್ರಾಂತಿಯಲ್ಲಿರುತ್ತದೆ, ವಿಭಜನೆ ಆಗುತ್ತಿರುವುದಿಲ್ಲ. ಕೋಶ ಎರಡಾಗದೆ ಕ್ರೋಮೋಸೋಮ್ ಹಂಚಿಕೆ ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ಹಾಗಿಲ್ಲ. ಆದ್ದರಿಂದ ರಕ್ತ ತೆಗೆದು, ಪ್ರಯೋಗಾಲಯದಲ್ಲಿ ಆ ಕೋಶವನ್ನು ಎಬ್ಬಿಸಬೇಕು. ಎಬ್ಬಿಸುವ ಪದಾರ್ಥ ಬರುವುದು ನಾವು ಪಲ್ಯ ಮಾಡುವ ರಾಜ್ಮಾ ಕಾಳಿನಿಂದ! ಅದರ ಹೆಸರು ಫೈಟೋಹೆಮಾಗ್ಲುಟಿನಿನ್. ಅದು ಲಿಂಫೋಸೈಟನ್ನು ವಿಭಜನೆಗೆ ಹಚ್ಚುತ್ತದೆ ಎಂದು 1960ರಲ್ಲಿ ಪೀಟರ್ ನೋವೆಲ್ ತೋರಿಸಿದರು. ರಾಜ್ಮಾ ಎಂದ ಕೂಡಲೇ ಕಿವಿ ನೆಟ್ಟಗಾಗದ ಓದುಗ ಕರ್ನಾಟಕದಲ್ಲಿ ಇದ್ದಾನಾ? ಇಂಥದ್ದನ್ನು ಬಿಟ್ಟು ‘ಪ್ರವಾಹ’ ತಂದಿರಿ.

ಇಲ್ಲಿ ಸ್ವಲ್ಪ ನನ್ನ ಕಥೆ ಹೇಳಬೇಕು.

ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಟ್ರೈನಿ. ನಮ್ಮ ಮುಖ್ಯ ಉಪಸಂಪಾದಕರು ಮಾತು ಕಡಿಮೆಯ ಮನುಷ್ಯ. ಕಾಪಿಯಲ್ಲಿ ‘ತಿಳಿದುಬಂದಿದೆ’, ‘ಕಂಡುಬಂದಿದೆ’ ಎಂದು ಸಿಕ್ಕಿದರೆ ಕೆಂಪು ಪೆನ್ಸಿಲಿನಲ್ಲಿ ‘ಕಂಡವರು ಯಾರು?’ ಎಂದು ಅಂಚಿನಲ್ಲಿ ಗೀಚಿ ಮೇಜಿನ ಮೇಲೆ ವಾಪಸ್ ಒಗೆಯುತ್ತಿದ್ದರು. ಅದರ ಕೆಳಗೆ ಎಷ್ಟು ಪುಟ ಇದ್ದರೂ ಓದುತ್ತಿರಲಿಲ್ಲ. ವಿಕಿರಣದ ಮಧ್ಯೆ ಕೆಲಸ ಮಾಡುವವರ ರಕ್ತಪರೀಕ್ಷೆ ಬಗ್ಗೆ ಬರೆಯಲು ನನಗೆ ಹೇಳಿದಾಗ, ಬರೆಯುವ ಮೊದಲೇ ಒಂದು ಚೀಟಿ ಕೈಗಿಟ್ಟರು. ಅದರಲ್ಲಿ ಒಂದು ಪ್ರಯೋಗಾಲಯದ ವಿಳಾಸ. ‘ಹೋಗಿ ನೋಡ್ಕೊಂಡು ಬಾ. ನೋಡದೆ ಬರೀಬೇಡ.’ ಅಷ್ಟೇ.

ಅಲ್ಲಿ ಒಬ್ಬ ಹೆಂಗಸು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದರು. ಎಡಗೈಯಲ್ಲಿ ಒತ್ತಿ ಎಣಿಸುವ ಕೌಂಟರ್, ಬಲಗೈ ಸ್ಲೈಡ್ ಸರಿಸುವ ತಿರುಪಿನ ಮೇಲೆ. ನನ್ನನ್ನು ಪಕ್ಕದಲ್ಲಿ ಕೂರಿಸಿ ನೋಡಲು ಹೇಳಿದರು. ನೇರಳೆ ಬಣ್ಣದ ಕೋಶಗಳು. ಕೆಲವು ಕೋಶಗಳಲ್ಲಿ ಒಂದರ ಪಕ್ಕ ಒಂದು, ಎರಡು ನ್ಯೂಕ್ಲಿಯಸ್. ರಾಜ್ಮಾ ಸತ್ವ ಹಾಕಿ ಮೂರು ದಿನ ಬೆಳೆಸಿದ ಕೋಶಗಳಿವು. ನಡುವೆ, 44ನೇ ಗಂಟೆಯಲ್ಲಿ, ಬೂಷ್ಟಿನಿಂದ ತೆಗೆದ ಸೈಟೋಕಲಾಸಿನ್-ಬಿ ಎಂಬ ಔಷಧ ಹಾಕುತ್ತಾರೆ. ಆಗ ನ್ಯೂಕ್ಲಿಯಸ್ ಎರಡಾಗುತ್ತದೆ, ಕೋಶ ಮಾತ್ರ ಬೇರೆಯಾಗದೆ ಒಂದೇ ಆಗಿ ಉಳಿಯುತ್ತದೆ. ಅಂದರೆ ಈ ಕೋಶ ಒಂದೇ ಒಂದು ಸಲ ವಿಭಜನೆಗೆ ಹೋಗಿದೆ ಎಂದು ಗುರುತು ಸಿಕ್ಕ ಹಾಗೆ. 1985ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಫೆನೆಕ್ ಮತ್ತು ಅಲೆಕ್ ಮಾರ್ಲಿ ಕೊಟ್ಟ ಉಪಾಯ ಅದು.

‘ಇದನ್ನ ನೋಡಿ’ ಎಂದು ಆಕೆ ಒಂದು ಕೋಶದ ಮೇಲೆ ನಿಲ್ಲಿಸಿದರು. ಎರಡು ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ ಒಂದು ಪುಟ್ಟ ಚುಕ್ಕಿ. ಅದೇ ಬಣ್ಣ, ಅದೇ ದುಂಡಗೆ. ಅದು ಮೈಕ್ರೋನ್ಯೂಕ್ಲಿಯಸ್. ಹಂಚಿಕೆಯ ಹೊತ್ತಿಗೆ ಎರಡೂ ಕಡೆ ಸೇರದೆ ಹೊರಗುಳಿದ ಕ್ರೋಮೋಸೋಮ್, ಇಲ್ಲವೇ ಅದರ ಮುರಿದ ತುಂಡು. ಕಂಡ ಚುಕ್ಕಿಯನ್ನೆಲ್ಲ ಎಣಿಸುವ ಹಾಗಿಲ್ಲ. ದೊಡ್ಡ ನ್ಯೂಕ್ಲಿಯಸ್ಸಿನ ಅಗಲದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು, ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಿರಬಾರದು, ದೊಡ್ಡದಕ್ಕೆ ಅಂಟಿಕೊಂಡಿರಬಾರದು. ಅನುಮಾನ ಬಂದರೆ ಬಿಟ್ಟು ಮುಂದಕ್ಕೆ. ಹೀಗೆ ಎರಡು ನ್ಯೂಕ್ಲಿಯಸ್ಸಿನ ಸಾವಿರ ಕೋಶ ಎಣಿಸಬೇಕು. ಆಕೆ ಊಟಕ್ಕೂ ಏಳದೆ ಎಣಿಸುತ್ತಿದ್ದರು. ಸ್ಲೈಡಿನ ಮೇಲೆ ಹೆಸರಿರಲಿಲ್ಲ, ಬರೀ ನಂಬರು. ಯಾರ ರಕ್ತ ಎಂದು ಎಣಿಸುವವರಿಗೆ ಗೊತ್ತಾಗಬಾರದು, ಗೊತ್ತಾದರೆ ಕಣ್ಣು ಪಕ್ಷಪಾತ ಮಾಡುತ್ತದೆ ಎಂದರು. ಆ ಮಾತನ್ನು ನಾನು ಬರೆದುಕೊಂಡೆ. ಮುಖ್ಯ ಉಪಸಂಪಾದಕರು ಅದನ್ನೇ ಲೇಖನದ ಮೊದಲ ಸಾಲು ಮಾಡಿದರು.

ಪೀಸಾದವರು ಆಲ್ಝೈಮರ್ ರೋಗಿಗಳ ರಕ್ತದಲ್ಲಿ ಎಣಿಸಿದ್ದೂ ಇಂಥ ಚುಕ್ಕಿಗಳನ್ನೇ. ಇಷ್ಟನ್ನು ಒಂದು ಪ್ಯಾರಾದಲ್ಲಿ ಹೇಳಿದ್ದರೆ ‘ಅಸ್ಥಿರತೆ’ ಎಂದರೇನು ಎಂದು ಎಸ್ಸೆಸ್ಸೆಲ್ಸಿ ಓದಿದವರಿಗೂ ಗೊತ್ತಾಗುತ್ತಿತ್ತು, ಅಲ್ವಾ? ಚುಕ್ಕಿಯೊಳಗೆ ಇಡೀ ಕ್ರೋಮೋಸೋಮ್ ಇದೆಯೋ ತುಂಡು ಇದೆಯೋ ಎಂದು ಹೊಳೆಯುವ ಬಣ್ಣ ಹಾಕಿ ನೋಡಬಹುದು. ಅದೇ ತಂಡ 2002ರಲ್ಲಿ ಪಾರ್ಕಿನ್ಸನ್ ರೋಗಿಗಳನ್ನೂ ಸೇರಿಸಿ ನೋಡಿದಾಗ ಚುಕ್ಕಿಗಳು ಎರಡೂ ಕಾಯಿಲೆಗಳಲ್ಲಿ ಜಾಸ್ತಿ ಇದ್ದವು. ಆಲ್ಝೈಮರ್‌ನಲ್ಲಿ ಹೆಚ್ಚಿನವು ಇಡೀ ಕ್ರೋಮೋಸೋಮ್, ಪಾರ್ಕಿನ್ಸನ್‌ನಲ್ಲಿ ಹೆಚ್ಚಿನವು ತುಂಡು. ನೀವು ಬರೆದ ‘ಒಡೆದ ಕ್ರೋಮೋಸೋಮುಗಳು’ ಪಕ್ಕದ ಮನೆಯ ಕಾಯಿಲೆಗೇ ಜಾಸ್ತಿ ಹೊಂದುತ್ತದೆ.

ಮುಂದಿನ ಪುಟ. ‘21ನೇ ಕ್ರೋಮೋಸೋಮೇ ಈ ಕಾಯಿಲೆಗೆ ಕಾರಣ.’ ಐದು ಪದದಲ್ಲಿ ಇಡೀ ಕಾದಂಬರಿ ಮುಗಿಸಿದ್ದೀರಿ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುತ್ತದೆ ಎಂದು ಪ್ಯಾರಿಸ್ಸಿನಲ್ಲಿ ಮಾರ್ತ್ ಗೋತಿಯೇ, ಜೆರೋಮ್ ಲೆಜೂನ್, ರೇಮೊಂ ತ್ಯುರ್ಪ್ಯಾಂ ಪ್ರಕಟಿಸಿದ್ದು 1959ರಲ್ಲಿ. ಅವರಿಗೆ ನಲವತ್ತು ದಾಟುವ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಆಲ್ಝೈಮರ್‌ನದೇ ಗುರುತುಗಳು ಕಾಣುತ್ತವೆ. ಈ ಕಾಯಿಲೆಯವರ ಮಿದುಳಿನಲ್ಲಿ ಜಮೆಯಾಗುವ ಪ್ರೋಟೀನ್ ಬೀಟಾ ಅಮೈಲಾಯ್ಡ್‌ನ ಮೂಲ ಜೀನ್ 21ರ ಮೇಲೇ ಇದೆ ಎಂದು 1987ರಲ್ಲಿ ಗೊತ್ತಾಯಿತು. ಅಮೆರಿಕದ ವಿಜ್ಞಾನಿ ಹಂಟಿಂಗ್ಟನ್ ಪಾಟರ್ 1991ರಲ್ಲಿ ಒಂದು ಪ್ರಶ್ನೆ ಎತ್ತಿದರು: ಡೌನ್ ಇಲ್ಲದವರಲ್ಲೂ ವಯಸ್ಸಾಗುತ್ತಾ ಕೆಲವು ಕೋಶಗಳಲ್ಲಿ 21 ಹೆಚ್ಚಾಗಿಬಿಟ್ಟರೆ? ಪೀಸಾದವರು 1999ರಲ್ಲಿ 21ನ್ನು 13ರ ಜೊತೆ ಹೋಲಿಸಿ ನೋಡಿದ್ದರ ಹಿಂದೆ ಈ ಪ್ರಶ್ನೆಯಿದೆ. 21 ಜಾಸ್ತಿ ಎಡವುತ್ತಿತ್ತು. ಕಥೆ ಇಷ್ಟು ಚೆಂದಾಗಿ ಕಟ್ಟಿಕೊಂಡು ಬಂದಿದೆ. ಆದರೆ ಎಡವುವುದರಿಂದ ಕಾಯಿಲೆಯೋ, ಕಾಯಿಲೆಯಿಂದ ಎಡವುವುದೋ, ಎರಡಕ್ಕೂ ಬೇರೆ ಏನೋ ಕಾರಣವೋ ಎನ್ನುವುದನ್ನು ಆ ಎಣಿಕೆ ಹೇಳುವುದಿಲ್ಲ. ನೀವು ‘ಕಾರಣ’ ಎಂದು ತೀರ್ಪು ಕೊಟ್ಟಿರಿ.

ಈಗ ಕೊನೆಯ ಪ್ಯಾರಾ. ಇದಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ: ‘ಇನ್ನು ಮುಂದೆ ಒಂದು ಹನಿ ರಕ್ತ ಸಾಕು, ಮರೆವು ಬರುವ ಮೊದಲೇ ಎಚ್ಚೆತ್ತುಕೊಳ್ಳಬಹುದು. ಇಂದೇ ಪರೀಕ್ಷಿಸಿಕೊಳ್ಳಿ!’

ಎಲ್ಲಿ ಪರೀಕ್ಷಿಸಿಕೊಳ್ಳಬೇಕು? ಇದನ್ನು ಅಚ್ಚು ಹಾಕಿದ ದಿನ ಹಾಸನದಿಂದ ಯಾರೋ ಫೋನ್ ಮಾಡುತ್ತಾರೆ. ‘ಸಾರ್, ಅಮ್ಮ ಒಲೆ ಆರಿಸೋದು ಮರೀತಾರೆ, ಯಾವ ಲ್ಯಾಬಿಗೆ ಹೋಗಬೇಕು?’ ಅಂಥ ಫೋನ್ ನಾನು ಎತ್ತಿದ್ದೇನೆ. ಅವರಿಗೆ ಏನು ಹೇಳಲಿ?

ಪೀಸಾದವರು ಹೇಳಿದ್ದು ಗುಂಪಿನ ಮಾತು. ಅದೂ ದೊಡ್ಡ ಗುಂಪೇನಲ್ಲ. ರೋಗಿಗಳ ಸರಾಸರಿ, ಆರೋಗ್ಯವಂತರ ಸರಾಸರಿಗಿಂತ ಜಾಸ್ತಿ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಜಾಸ್ತಿ ತಾನೇ? ಹಾಗಂತ ಐದೂ ಕಾಲಡಿ ಎತ್ತರದ ಒಬ್ಬರು ಇದ್ದಾರೆ ಎಂದಷ್ಟೇ ಹೇಳಿದರೆ ಗಂಡೋ ಹೆಣ್ಣೋ ಹೇಳುತ್ತೀರಾ? ಮೈಕ್ರೋನ್ಯೂಕ್ಲಿಯಸ್ ಜಾಸ್ತಿಯಾಗಲು ನೂರೆಂಟು ಕಾರಣ. ವಯಸ್ಸಾದರೆ ಜಾಸ್ತಿ. ಹೆಂಗಸರಲ್ಲಿ ಜಾಸ್ತಿ, ಏಕೆಂದರೆ ವಯಸ್ಸಾಗುತ್ತಾ ಎಕ್ಸ್ ಕ್ರೋಮೋಸೋಮ್ ಸುಲಭವಾಗಿ ಹೊರಗುಳಿಯುತ್ತದೆ. ಎಕ್ಸ್‌ರೇ, ಕೀಮೋಥೆರಪಿ ಆದವರಲ್ಲಿ ಜಾಸ್ತಿ. ಫೋಲೇಟ್, ಬಿ-12 ಕಡಿಮೆಯಾದರೂ ಜಾಸ್ತಿ. ನಮ್ಮಲ್ಲಿ ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಬಿ-12 ಕೊರತೆ ಎಷ್ಟು ಸಾಮಾನ್ಯ ಎಂದು ಯಾವ ಡಾಕ್ಟರನ್ನಾದರೂ ಕೇಳಿ. ಎಪ್ಪತ್ತು ದಾಟಿದ, ಮೊಟ್ಟೆ ಮುಟ್ಟದ ಒಬ್ಬ ಅಜ್ಜಿಯ ರಕ್ತದಲ್ಲಿ ಚುಕ್ಕಿಗಳು ಜಾಸ್ತಿ ಕಂಡರೆ ನೀವು ಆಕೆಗೆ ಆಲ್ಝೈಮರ್ ಹಣೆಪಟ್ಟಿ ಹಚ್ಚುತ್ತೀರಾ?

ನಿಮಗೆ ಈ ‘ಒಂದು ಹನಿ’ ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಲ್ಝೈಮರ್‌ಗೆ ಸಂಬಂಧಿಸಿದ ಒಂದು ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಸುದ್ದಿ ಎಲ್ಲ ಕಡೆ ಬಂತು. ಆದರೆ ಅದು ಕ್ರೋಮೋಸೋಮ್ ನೋಡುವ ಪರೀಕ್ಷೆಯೇ ಅಲ್ಲ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಪಿ-ಟೌ217 ಮತ್ತು ಬೀಟಾ ಅಮೈಲಾಯ್ಡ್ ಎಂಬ ಎರಡು ಪ್ರೋಟೀನುಗಳ ಅನುಪಾತ ನೋಡುತ್ತದೆ. ಅದೂ 55 ದಾಟಿ, ಆಗಲೇ ಲಕ್ಷಣ ಕಾಣಿಸಿಕೊಂಡು, ತಜ್ಞರ ಹತ್ತಿರ ಬಂದವರಿಗೆ. ನೀವು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಪಾತ್ರೆಗೆ ಸುರಿದಿದ್ದೀರಿ.

ಬೇಸರ ಏನೆಂದರೆ, ನಿಮ್ಮ ಲೇಖನದ ನಿಜವಾದ ಸುದ್ದಿ ಮೂರನೇ ಪುಟದಲ್ಲಿ ಅರ್ಧ ಸಾಲಾಗಿ ಬಿದ್ದಿದೆ. 2005ರಲ್ಲಿ ಅದೇ ಪೀಸಾ ತಂಡ ಕಾಮೆಟ್ ಪರೀಕ್ಷೆ ಮಾಡಿತು. ಕೋಶಗಳನ್ನು ಗಾಜಿನ ಮೇಲೆ ಜೆಲ್ಲಿಯಲ್ಲಿ ಹೂತು, ಪೊರೆ ಕರಗಿಸಿ, ಕರೆಂಟು ಹಾಯಿಸುತ್ತಾರೆ. ಪೆಟ್ಟು ತಿಂದ ಡಿಎನ್‌ಎ ಒಂದು ಕಡೆಗೆ ಬಾಲವಾಗಿ ಎಳೆದುಕೊಳ್ಳುತ್ತದೆ. ಬಾಲ ದೊಡ್ಡದಾದಷ್ಟೂ ಪೆಟ್ಟು ಜಾಸ್ತಿ. ಆಲ್ಝೈಮರ್ ಇರುವವರಲ್ಲಿ ಮಾತ್ರ ಅಲ್ಲ, ಮರೆವು ಈಗಷ್ಟೇ ಶುರುವಾಗಿ, ಮನೆ ಕೆಲಸ, ಲೆಕ್ಕಾಚಾರ ಎಲ್ಲ ಇನ್ನೂ ನಡೆಸಿಕೊಂಡು ಹೋಗುತ್ತಿದ್ದವರ ಬಿಳಿ ಕಣಗಳಲ್ಲೂ ಆಕ್ಸಿಜನ್‌ನಿಂದಾದ ಈ ಹಾನಿ ಹೆಚ್ಚಿತ್ತು. ಅಂದರೆ ಹಾನಿ ಕಾಯಿಲೆಯ ಕೊನೆಗೆ ಬಂದದ್ದಲ್ಲ, ಮೊದಮೊದಲೇ ಇದೆ. ಮಿದುಳಿನ ಕಾಯಿಲೆ ಮೈಯ ರಕ್ತದಲ್ಲೂ ಯಾಕೆ ಕಾಣಬೇಕು ಎನ್ನುವ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಬೇಕು.

ತಿದ್ದಿ ಕಳಿಸಿ, ಹಾಕುತ್ತೇನೆ. ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಲೇಖನದಲ್ಲಿ ನೀವು ಬರೆದ ನಿಮ್ಮ ಅಜ್ಜಿಯ ಪ್ರಸಂಗ ಇರಲಿ, ಆದರೆ ಆಕೆಯ ರಕ್ತವನ್ನು ಯಾರೂ ನೋಡಿಲ್ಲ ಎನ್ನುವುದೂ ಇರಲಿ. ನೀವು ಮೈಸೂರಿನವರು ಎಂದು ಬರೆದಿದ್ದೀರಿ. ಹಾಗಿದ್ದೂ ನಿಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹೆಸರು ಇಲ್ಲವಲ್ಲ! ಅಲ್ಲಿ ಕೆ.ಎಸ್. ಜಗನ್ನಾಥ ರಾವ್ ಅವರ ತಂಡ ಆಲ್ಝೈಮರ್ ಆಗಿದ್ದ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ಡಿಎನ್‌ಎ ತೆಗೆದು ನೋಡಿ, ಕಾಯಿಲೆ ಜೋರಾಗಿದ್ದ ಕಡೆ ಅದರ ಸುರುಳಿಯ ರೂಪವೇ ಬದಲಾಗಿದೆ ಎಂದು 2002ರಲ್ಲಿ ವರದಿ ಮಾಡಿತು. ಮಾಮೂಲಿ ಡಿಎನ್‌ಎ ಬಲಕ್ಕೆ ಸುತ್ತಿರುತ್ತದೆ. ಇದು ಎಡಕ್ಕೆ ಸುತ್ತಿದ ಝಡ್ ರೂಪ. ಅದಕ್ಕೊಂದು ಪ್ಯಾರಾ ಕೊಡಿ.

ಹಾಂ, ಲೇಖನದ ಜೊತೆ ನೀವು ಕಳಿಸಿದ ನೀಲಿ ಬಣ್ಣದ ಡಿಎನ್‌ಎ ಚಿತ್ರ ಎಡಕ್ಕೆ ಸುತ್ತಿದೆ. ಎಐ ಕೈಲಿ ಮಾಡಿಸಿದ್ದಿರಬೇಕು. ಮುಖಪುಟಕ್ಕೆ ಬರುವುದಿಲ್ಲ. ಮೈಸೂರಿನ ಪ್ಯಾರಾ ಪಕ್ಕದಲ್ಲಾದರೆ ನನ್ನ ಅಭ್ಯಂತರ ಇಲ್ಲ.