ಹಳೆ ಅಂಬಾಸಿಡರ್ ರಿಪೇರಿಗೆ ಮನೆಯಲ್ಲೇ ಶೆಡ್: ಎಷ್ಟು ಜಾಗ ಬೇಕು, ಗುಂಡಿ ತೋಡಿಸಬೇಕಾ?

ಅಪ್ಪನ ಪೆಟ್ರೋಲ್ ಅಂಬಾಸಿಡರ್ ಅನ್ನು ಮನೆ ಪಕ್ಕದ ಶೆಡ್‌ನಲ್ಲೇ ಸರಿಮಾಡಬೇಕು, ಎಷ್ಟು ಜಾಗ ಬೇಕು, ಕಾರಿನ ಕೆಳಗೆ ಇಳಿದು ಕೆಲಸ ಮಾಡಲು ಗುಂಡಿ ತೋಡಿಸಲಾ ಅಂತ ಕೇಳಿದ್ದೀರಿ.

ಗುಂಡಿ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಸ್ವಲ್ಪ ಸೋರಿದರೂ ಆವಿ ಕೆಳಗಿಳಿದು ಗುಂಡಿಯಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಕಿಡಿ ಸಾಕು. ಮಳೆಗಾಲದಲ್ಲಿ ನೀರು ನಿಂತು ಕಾರಿನ ತಳಕ್ಕೆ ತುಕ್ಕು ಹಿಡಿಯುವುದು ಬೇರೆ. ಆ ದುಡ್ಡಲ್ಲಿ ಕಾರು ಎತ್ತಲು ಒಳ್ಳೆ ಟ್ರಾಲಿ ಜಾಕ್, ಎತ್ತಿದ ಕಾರನ್ನು ಹೊತ್ತು ನಿಲ್ಲಲು ನಾಲ್ಕು ಜಾಕ್ ಸ್ಟ್ಯಾಂಡ್ ತಗೊಳ್ಳಿ. ನೆಲ ಮಟ್ಟಸವಾದ ಕಾಂಕ್ರೀಟ್ ಆಗಿರಲಿ. ಸಿಮೆಂಟ್ ಬ್ಲಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ಮಲಗಲೇಬೇಡಿ. ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಅಂಬಾಸಿಡರ್ ಉದ್ದ ಸುಮಾರು 14 ಅಡಿ, ಅಗಲ ಐದೂವರೆ. ಎರಡೂ ಕಡೆ ಬಾಗಿಲು ಪೂರ್ತಿ ತೆರೆಯಬೇಕು, ಮುಂದೆ ಒಂದು ಮೇಜೂ ಬೇಕಲ್ವಾ? 22 ಅಡಿ ಉದ್ದ, 12 ಅಡಿ ಅಗಲ ಇದ್ದರೆ ಆರಾಮ. ಆದರೆ ಎಲ್ಲರೂ ಮರೆಯುವುದು ಬಿಚ್ಚಿದ ಸಾಮಾನನ್ನು. ನಾಲ್ಕು ಬಾಗಿಲು, ಸೀಟು, ಬಾನೆಟ್, ಬಂಪರ್ ಕೆಳಗಿಟ್ಟರೆ ಓಡಾಡಲೂ ಜಾಗ ಇರಲ್ಲ. ಗೋಡೆಗೆ ಗಟ್ಟಿ ರ‍್ಯಾಕ್ ಹಾಕಿಸಿ. ನಟ್ಟು ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಹೆಸರು ಬರೆಯಿರಿ: "ಮುಂದಿನ ಎಡ ಬಾಗಿಲು, ಮೇಲಿನ ಹಿಂಜ್" ಅನ್ನುವಷ್ಟು ವಿವರವಾಗಿ.

ತಲೆ ಮೇಲೆ ಒಂದೇ ಟ್ಯೂಬ್‌ಲೈಟ್ ಇದ್ದರೆ ಬಾನೆಟ್ ಎತ್ತಿದ ಕೂಡಲೇ ಎಂಜಿನ್ ಮೇಲೆ ನೆರಳು. ಎರಡು ಪಕ್ಕದ ಗೋಡೆಗೂ ಲೈಟು ಹಾಕಿಸಿ.

ಇನ್ನೊಂದು ಮಾತು. ಬ್ರೇಕ್ ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ.