ಭಯ ಹೋದ ಮೇಲೆ ವಿಮಾನ ಹತ್ತುತ್ತೇನೆಂದು ಕಾಯಬೇಡಿ

ತಾವು ವಿಜಯಪುರದವರೆಂದೂ, ದೀಪಾವಳಿಯ ರಜೆಗೆ ಹೆಂಡತಿ ಮಕ್ಕಳೊಂದಿಗೆ ಬೆಳಗಾವಿಯಿಂದ ಬೆಂಗಳೂರಿಗೆ, ಅಲ್ಲಿಂದ ಅಂಡಮಾನಿಗೆ ವಿಮಾನದಲ್ಲಿ ಹೋಗಲು ಟಿಕೆಟ್ ಮಾಡಿಸಿದ್ದೀರೆಂದೂ, ಅಹಮದಾಬಾದಿನ ವಿಮಾನ ದುರಂತದ ದೃಶ್ಯಗಳನ್ನು ನೋಡಿದಂದಿನಿಂದ ಆ ಟಿಕೆಟ್ ನೆನೆದರೆ ಸಾಕು, ರಾತ್ರಿ ನಿದ್ದೆ ಹತ್ತುವುದಿಲ್ಲವೆಂದೂ ಬರೆದಿದ್ದೀರಿ. ಇನ್ನು ಐದು ವಾರಗಳಲ್ಲಿ ಈ ಭಯವನ್ನು ಕಳೆದುಕೊಳ್ಳಲು ಸಾಧ್ಯವೇ, ಇಲ್ಲವಾದರೆ ಗುಳಿಗೆ ನುಂಗಿ ಮಲಗಿಬಿಡಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನೂ ಅಲ್ಲ, ಪೈಲಟ್ಟೂ ಅಲ್ಲ. ಬೆಳಗಾವಿಯಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಆದರೆ ಇದೇ ಭಯವನ್ನು ಆರು ವರ್ಷ ಸಾಕಿದವನಾದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ. ಐದು ವಾರಗಳಲ್ಲಿ ಭಯ ಪೂರ್ತಿ ಹೋಗಲಿಕ್ಕಿಲ್ಲ. ಆದರೆ ಭಯವಿದ್ದಾಗಲೂ ವಿಮಾನ ಹತ್ತಿ ಇಳಿಯುವುದನ್ನು ಕಲಿಯಲು ಐದು ವಾರ ಧಾರಾಳವಾಗಿ ಸಾಕು.

2012ರ ಡಿಸೆಂಬರಿನಲ್ಲಿ ತಂಗಿಯ ಮಗಳ ಮದುವೆಗೆಂದು ದೆಹಲಿಗೆ ಹೊರಟಿದ್ದೆ. ಚೋರ್ಲಾ ಘಾಟ್ ಇಳಿದು ಗೋವೆಯ ದಾಬೋಳಿ ನಿಲ್ದಾಣ ತಲುಪಿ, ತಪಾಸಣೆಯನ್ನೂ ಮುಗಿಸಿಕೊಂಡು, ಪ್ರಯಾಣಿಕರೆಲ್ಲ ಸಾಲುಗಟ್ಟಿ ನಿಂತಾಗ ನಾನು ಸಾಲಿನಿಂದ ಹೊರಬಂದೆ. ಅಂಗೈ ಬೆವರಿ, ತುಟಿಯ ಸುತ್ತ ಜುಮುಗುಟ್ಟುತ್ತಿತ್ತು. ಎದೆ ನೋಯುತ್ತಿದೆ ಎಂದು ಮನೆಯವರಿಗೆ ಸುಳ್ಳು ಹೇಳಿ, ಬಾಡಿಗೆ ಕಾರಿನಲ್ಲಿ ಅದೇ ಘಾಟಿನ ತಿರುವುಗಳನ್ನು ಕತ್ತಲಲ್ಲಿ, ಮಂಜಿನಲ್ಲಿ ಹತ್ತಿಕೊಂಡು ಊರಿಗೆ ಮರಳಿದೆ. ಆ ರಾತ್ರಿಯ ಘಾಟ್ ಪ್ರಯಾಣ ನಾನು ತಪ್ಪಿಸಿಕೊಂಡ ವಿಮಾನಕ್ಕಿಂತ ಎಷ್ಟೋ ಪಟ್ಟು ಅಪಾಯದ್ದಾಗಿತ್ತೆಂಬುದು ಆಗ ಹೊಳೆಯಲೇ ಇಲ್ಲ. ಕಾರು ಹತ್ತಿದೊಡನೆ ಎಂಥ ನೆಮ್ಮದಿಯಾಯಿತೆಂದರೆ ಅರ್ಧ ದಾರಿ ನಿದ್ದೆ ಮಾಡಿದೆ. ಆ ನೆಮ್ಮದಿಯೇ ಭಯಕ್ಕೆ ನಾನು ಹಾಕಿದ ಮೇವು ಎಂದು ಗೊತ್ತಾಗಲು ವರ್ಷಗಳೇ ಬೇಕಾದವು. ಮುಂದೆ ದೆಹಲಿಗೆ ಗೋವಾ ಎಕ್ಸ್‌ಪ್ರೆಸ್, ಬೆಂಗಳೂರಿಗೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಎಂದು ನಿಯಮ ಮಾಡಿಕೊಂಡೆ. ಪ್ರತಿ ಸಲ ತಪ್ಪಿಸಿಕೊಂಡಾಗಲೂ 'ಬದುಕಿದೆ' ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ, ಮುಂದಿನ ಸಲ ಅಪಾಯ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಮೊದಲು ನಿಮಗೆ ನಿಜವಾಗಿ ಯಾವುದರ ಭಯವೆಂದು ಪತ್ತೆ ಹಚ್ಚಿಕೊಳ್ಳಿ. ಕೆಲವರಿಗೆ ಅಪಘಾತದ ಭಯ, ಕೆಲವರಿಗೆ ಬಾಗಿಲು ಮುಚ್ಚಿದ ಮೇಲೆ ಇಳಿಯಲಾಗದೆಂಬ ಭಯ, ಇನ್ನು ಕೆಲವರಿಗೆ ನಾಲ್ಕು ಜನರ ಮುಂದೆ ತಾವು ಕಿರುಚಿಬಿಟ್ಟರೆ ಎಂಬ ಭಯ. ಇವೆಲ್ಲಕ್ಕೂ ಒಂದೇ ಮದ್ದಿಲ್ಲ. ನನ್ನದು ವಿಚಿತ್ರವಾಗಿತ್ತು: ವಿಮಾನ ನೆಲ ಬಿಟ್ಟ ಕೂಡಲೇ ಅಲ್ಲ, ಅದಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗಿನದೆಲ್ಲ ಕಳಚಿ ಬಿದ್ದಂತಾಗಿ, 'ಈಗ ಬೀಳುತ್ತಿದೆ' ಎಂದು ಖಚಿತವಾಗಿ ಅನ್ನಿಸುವ ಆ ಗಳಿಗೆಯ ಭಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಮೊದಲೇ ಯಾರಾದರೂ ನನಗೆ ತಿಳಿಸಿದ್ದರೆ ಆರು ವರ್ಷ ಉಳಿಯುತ್ತಿತ್ತು.

ಓಡುಹಾದಿಯಿಂದ ಮೇಲೇಳುವಾಗ ಎಂಜಿನ್ನುಗಳು ಹೆಚ್ಚಿನ ಶಕ್ತಿಯಲ್ಲಿ ದುಡಿಯುತ್ತಿರುತ್ತವೆ. ನೆಲದಿಂದ ಸಾವಿರ, ಸಾವಿರದೈನೂರು ಅಡಿ ಏರಿದ ಮೇಲೆ ಅಷ್ಟು ಶಕ್ತಿ ಬೇಕಾಗುವುದಿಲ್ಲವಾದ್ದರಿಂದ ಅದನ್ನು ತಗ್ಗಿಸಲಾಗುತ್ತದೆ. ಮೂತಿ ತುಸು ಕೆಳಗೆ ಬರುತ್ತದೆ. ರೆಕ್ಕೆಯ ಹಿಂಬದಿಯಿಂದ ಹೊರಚಾಚಿದ, ಫ್ಲ್ಯಾಪುಗಳೆಂಬ ಹಲಗೆಗಳು ಒಳಸರಿಯತೊಡಗುತ್ತವೆ. ಅಲ್ಲಿಯವರೆಗೆ ಕಿವಿ ತುಂಬಿದ್ದ ಸದ್ದು ಒಮ್ಮೆಲೇ ಇಳಿಯುತ್ತದೆ. ನಮ್ಮ ಒಳಗಿವಿಯಲ್ಲಿರುವ ಸಮತೋಲದ ಅಂಗವಾದರೋ ವೇಗವನ್ನಲ್ಲ, ವೇಗದ ಬದಲಾವಣೆಯನ್ನು ಮಾತ್ರ ಅರಿಯಬಲ್ಲದು. ಏರುವ ರಭಸ ಕಡಿಮೆಯಾದುದನ್ನು ಅದು ಇಳಿಯುತ್ತಿದ್ದೇವೆಂದೇ ಓದುತ್ತದೆ. ಆ ಹೊತ್ತಿನಲ್ಲೂ ವಿಮಾನ ಏರುತ್ತಲೇ ಇರುತ್ತದೆ! ಇದು ತಿಳಿದ ಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಚಕ್ರ ನೆಲ ಬಿಟ್ಟೊಡನೆ ಒಂದರಿಂದ ನೂರಿಪ್ಪತ್ತರವರೆಗೆ ಎಣಿಸುತ್ತೇನೆ. ಅಷ್ಟರೊಳಗೆ ಎಲ್ಲೋ ಒಂದು ಕಡೆ ಆ ಕುಸಿತದ ಅನುಭವ ಬಂದೇ ಬರುತ್ತದೆ. ಬಂದಾಗ, ಹೇಳಿದ ಸಮಯಕ್ಕೆ ಬಂದ ಬಸ್ಸನ್ನು ನೋಡಿದಷ್ಟು ಸಮಾಧಾನವಾಗುತ್ತದೆ.

ಸದ್ದುಗಳ ವಿಷಯವೂ ಇಷ್ಟೇ. ಹಾರಿದೊಡನೆ ಕಾಲಡಿಯಲ್ಲಿ ಧಡ್ ಎಂದರೆ ಚಕ್ರಗಳು ಒಳಸೇರಿದವೆಂದರ್ಥ. ಬೆಂಗಳೂರಿನಿಂದ ನಿಮ್ಮದು ಏರ್‌ಬಸ್ 320 ಮಾದರಿಯ ವಿಮಾನವಾಗಿದ್ದರೆ, ಹೊರಡುವ ಮುನ್ನ ನೆಲದಡಿಯಿಂದ ನಾಯಿ ಬೊಗಳಿದಂತೆಯೋ ಗರಗಸ ಎಳೆದಂತೆಯೋ ಸದ್ದು ಕೇಳಬಹುದು. ಅದು ಹೈಡ್ರಾಲಿಕ್ ವ್ಯವಸ್ಥೆಯ ಪಂಪೊಂದು ಕೆಲಸ ಮಾಡುವ ಸದ್ದು. ಬೆಳಗಾವಿಯಿಂದ ಹೊರಡುವಾಗ ಪಂಖಗಳಿರುವ ಎಟಿಆರ್ ವಿಮಾನ ಸಿಕ್ಕರೆ ಹಳೆಯ ಕಾಲದ್ದೆಂದು ಗಾಬರಿಯಾಗಬೇಡಿ. ಆ ಪಂಖಗಳನ್ನು ತಿರುಗಿಸುವುದೂ ಟರ್ಬೈನ್ ಎಂಜಿನ್ನೇ, ಚಿಕ್ಕ ದೂರಕ್ಕೆ ಅದೇ ಲಾಭದ್ದು. ಅದು ಜೆಟ್ ವಿಮಾನಕ್ಕಿಂತ ತಗ್ಗಿನಲ್ಲಿ ಹಾರುವುದರಿಂದ ಕುಲುಕಾಟ ತುಸು ಹೆಚ್ಚೆನಿಸಬಹುದು, ಅಷ್ಟೇ.

ಕುಲುಕಾಟವನ್ನು ಅರ್ಥಮಾಡಿಕೊಳ್ಳಲು ನಿಮ್ಮ ಭಾಗದವರಿಗೆ ಪುಸ್ತಕ ಬೇಕಿಲ್ಲ. ಬೇಸಿಗೆಯ ಮಧ್ಯಾಹ್ನ ಎರೆಹೊಲದ ಮೇಲೆ ಸುಳಿಗಾಳಿ ಧೂಳೆಬ್ಬಿಸುವುದನ್ನೂ, ರೆಕ್ಕೆ ಬಡಿಯದೆ ಹದ್ದುಗಳು ಸುತ್ತುತ್ತ ಮೇಲೇರುವುದನ್ನೂ ನೋಡಿದ್ದೀರಿ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಆ ಕಂಬಗಳನ್ನೇ ವಿಮಾನ ಹಾಯುವಾಗ ಚಕ್ಕಡಿ ಹೆಂಟೆಯ ಮೇಲೆ ಹೋದಂತೆ ಕುಲುಕುತ್ತದೆ. ಆದುದರಿಂದಲೇ ಬೆಳಗಿನ ವಿಮಾನಗಳು ಸಾಮಾನ್ಯವಾಗಿ ಶಾಂತವಾಗಿರುತ್ತವೆ, ಮಧ್ಯಾಹ್ನದವು ಅಷ್ಟಾಗಿ ಇರುವುದಿಲ್ಲ. ನೂರಾರು ಅಡಿ ಬಿದ್ದೆವೆಂದು ನಮಗೆ ಅನ್ನಿಸುವಾಗ ಎತ್ತರದಲ್ಲಿ ಆಗಿರುವ ವ್ಯತ್ಯಾಸ ಬಹುಪಾಲು ಕೆಲವೇ ಅಡಿಗಳದ್ದಾಗಿರುತ್ತದೆ. ರೆಕ್ಕೆ ಬಾಗುವುದನ್ನು ಕಂಡು ಹೆದರಬೇಡಿ, ಬಾಗುವಂತೆಯೇ ಅದನ್ನು ಕಟ್ಟಿರುತ್ತಾರೆ. ಕುಲುಕಾಟದಿಂದ ಯಾರಿಗೂ ಏನೂ ಆಗುವುದೇ ಇಲ್ಲವೆಂದು ಮಾತ್ರ ನಾನು ಹೇಳಲಾರೆ: 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನ ತೀವ್ರ ಕುಲುಕಾಟಕ್ಕೆ ಸಿಕ್ಕು, ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವರು ಗಾಯಗೊಂಡರು. ಆದರೆ ವಿಮಾನ ಬ್ಯಾಂಕಾಕಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಇಂಥ ಸಂದರ್ಭಗಳಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಕಟ್ಟದವರಿಗೆ. ಆದ್ದರಿಂದ ಬೆಲ್ಟ್ ಕಟ್ಟಿಕೊಳ್ಳಿರೆಂಬ ದೀಪ ಆರಿದರೂ ಬೆಲ್ಟನ್ನು ಬಿಚ್ಚಬೇಡಿ, ಸಾಧ್ಯವಾದರೆ ರೆಕ್ಕೆಯ ಸಾಲಿನಲ್ಲಿ ಸೀಟು ಆರಿಸಿಕೊಳ್ಳಿ. ಹಿಂಬದಿಗಿಂತ ಅಲ್ಲಿ ಅಲುಗಾಟ ಕಡಿಮೆ.

ಬೆಂಗಳೂರಿನಿಂದ ಮುಂದಿನ ಸುಮಾರು ಎರಡೂವರೆ ಗಂಟೆಯ ದಾರಿಯಲ್ಲಿ ಬಹುಭಾಗ ಬಂಗಾಳ ಕೊಲ್ಲಿಯ ಮೇಲೆ. (ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿರುವುದರಿಂದ ನೀವು ವಿಜಯಪುರದಿಂದ ವಿಜಯಪುರಕ್ಕೇ ಹೊರಟಂತಾಯಿತು.) ಕೆಳಗೆ ನೀರಷ್ಟೇ ಇದ್ದಾಗ ಎಂಜಿನ್ ನಿಂತರೆ ಎಂದು ಕೇಳಿದ್ದೀರಿ. ಒಂದು ಎಂಜಿನ್ ನಿಂತರೂ ಹಾರಾಟ ಮುಂದುವರಿಸಿ ಇಳಿಯಬಲ್ಲಂತೆಯೇ ಈ ವಿಮಾನಗಳನ್ನು ರೂಪಿಸಿ ಪರೀಕ್ಷಿಸಿರುತ್ತಾರೆ. ಎರಡೂ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲಿಕೊಂಡು ಇಳಿಯುತ್ತದೆ. 2001ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ನಿಂತ ಏರ್‌ಬಸ್ 330 ವಿಮಾನವೊಂದು ಸುಮಾರು 120 ಕಿಲೋಮೀಟರ್ ತೇಲಿ ಅಜೋರ್ಸ್ ದ್ವೀಪವೊಂದರಲ್ಲಿ ಇಳಿಯಿತು; ಅದರಲ್ಲಿದ್ದ 306 ಜನರೂ ಬದುಕಿದರು.

ಇನ್ನು ಅಹಮದಾಬಾದ್. 2025ರ ಜೂನ್ 12ರಂದು ಆ ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ಇದರ ಮುಂದೆ 'ವಿಮಾನವೇ ಅತಿ ಸುರಕ್ಷಿತ' ಎಂದು ಯಾರಾದರೂ ಹೇಳಿದರೆ ನಿಮಗೆ ಸಿಟ್ಟು ಬರುವುದು ಸಹಜ. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ 1.68 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಸರ್ಕಾರಿ ಲೆಕ್ಕ ನಿಜವೇ ಆದರೂ, ವಿಜಯಪುರದಿಂದ ಬೆಳಗಾವಿಗೆ ಕಾರಿನಲ್ಲಿ ಬರುವಾಗ ನಿಮಗೆ ಭಯವಾಗುವುದಿಲ್ಲ, ಏಕೆಂದರೆ ಭಯ ಅಂಕಿಸಂಖ್ಯೆ ಓದುವುದಿಲ್ಲ, ದೃಶ್ಯವನ್ನು ನೋಡುತ್ತದೆ. ಹಾಗಾಗಿ ನನ್ನ ಸಲಹೆ ಕಠಿಣವಾಗಿದೆ: ಇವತ್ತಿನಿಂದ ಆ ವಿಡಿಯೋಗಳನ್ನು ನಿಲ್ಲಿಸಿ. ವಿಮಾನದ ಮಾದರಿ, ವಯಸ್ಸು, ಹವಾಮಾನಗಳನ್ನು ದಿನಕ್ಕೆ ಹತ್ತು ಸಲ ಹುಡುಕುವುದನ್ನೂ ನಿಲ್ಲಿಸಿ. ಅದು ಎಚ್ಚರಿಕೆಯಂತೆ ಕಾಣುತ್ತದೆ, ವಾಸ್ತವದಲ್ಲಿ ಹುಣ್ಣನ್ನು ಕೆರೆಯುವ ಕೆಲಸ.

ಆದರೆ ಇಷ್ಟನ್ನೆಲ್ಲ ಓದಿಕೊಂಡ ಮೇಲೂ ನನ್ನ ಕಾಲು ನಡುಗುವುದು ನಿಂತಿರಲಿಲ್ಲ. ಧಾರವಾಡದ ಮನಃಶಾಸ್ತ್ರಜ್ಞರೊಬ್ಬರು ನನಗೆ ಕಾಗದದ ಮೇಲೆ ಏಣಿ ಬರೆಸಿದರು. ಕೆಳಗಿನ ಮೆಟ್ಟಿಲಲ್ಲಿ ಅತಿ ಕಡಿಮೆ ಭಯದ್ದು, ಮೇಲಿನದರಲ್ಲಿ ಅತಿ ಹೆಚ್ಚಿನದು. ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಅಂಕ. ಹಂತಹಂತವಾಗಿ ಭಯಕ್ಕೆ ಮುಖ ಕೊಡುವ ಈ ಕ್ರಮವನ್ನು 1950ರ ದಶಕದಲ್ಲಿ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು ವ್ಯವಸ್ಥಿತವಾಗಿ ರೂಪಿಸಿದರೆಂದು ಆಮೇಲೆ ಓದಿದೆ. ನನ್ನ ಮೊದಲ ಮೆಟ್ಟಿಲು ವಿಮಾನ ಏರುವ ಸದ್ದನ್ನು ಕಣ್ಣುಮುಚ್ಚಿ ಕೇಳುವುದು. ಎರಡನೆಯದು ನಮ್ಮ ಊರಿನಿಂದ ಹತ್ತು ಕಿಲೋಮೀಟರ್ ದೂರದ ಸಾಂಬ್ರಾಕ್ಕೆ ಸ್ಕೂಟರಿನಲ್ಲಿ ಹೋಗಿ, ರಸ್ತೆಬದಿಯಲ್ಲಿ ಚಹಾ ಕುಡಿಯುತ್ತ ವಿಮಾನ ಏರಿಳಿಯುವುದನ್ನು ನೋಡುವುದು. ಮೊದಲ ದಿನ ಎದೆ ಹೊಡೆದುಕೊಂಡಿತು. ಆರನೆಯ ದಿನಕ್ಕೆ ಬೇಸರ ಬಂತು. ಆ ಬೇಸರವೇ ಬೇಕಾದದ್ದು ಎಂದು ಧಾರವಾಡದ ಆ ಮನಃಶಾಸ್ತ್ರಜ್ಞರು ನಕ್ಕರು. ಭಯ ಇಳಿಯುವ ಮುನ್ನ ಸ್ಥಳ ಬಿಟ್ಟು ಹೊರಡಬಾರದೆಂಬುದೊಂದೇ ಅವರ ಷರತ್ತು. ಮುಂದೆ ನೆಂಟರನ್ನು ಬಿಡಲು ನಿಲ್ದಾಣದ ಬಾಗಿಲವರೆಗೆ ಹೋದೆ. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸೊಂಟಕ್ಕೆ ಪಟ್ಟಿ ಬಿಗಿದು ಇಡೀ ಪ್ರಯಾಣವನ್ನು ಕಲ್ಪಿಸಿಕೊಂಡೆ. ನನ್ನ ಅವ್ವ ಅದನ್ನು ನೋಡಿ, "ಕುರ್ಚ್ಯಾಗಿಂದ ಬಿದ್ದಿ ಮತ್ತ" ಎಂದಳು. 2019ರ ಫೆಬ್ರುವರಿಯಲ್ಲಿ ಬೆಳಗಾವಿಯಿಂದ ಬೆಂಗಳೂರಿಗೆ ಹಾರಿದೆ. ಹೆದರಿದ್ದೆ, ಆದರೂ ಹಾರಿದೆ. ನಿಮಗೂ ಮೊದಲ ವಿಮಾನ ಇದೇ ದಾರಿಯದ್ದು, ಒಂದೂಕಾಲು ಗಂಟೆಯೊಳಗಿನದ್ದು. ಅದನ್ನೇ ನಿಮ್ಮ ಏಣಿಯ ಮೇಲಿನ ಮೆಟ್ಟಿಲೆಂದು ಎಣಿಸಿ, ಅಂಡಮಾನಿನದನ್ನು ಈಗ ಯೋಚಿಸಲೇಬೇಡಿ.

ಗಾಬರಿ ಹೆಚ್ಚಿದಾಗ ನಾವು ಬೇಗಬೇಗ ಉಸಿರಾಡುತ್ತೇವೆ; ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು, ತುಟಿ ಜುಮುಗುಟ್ಟುತ್ತವೆ. ದಾಬೋಳಿಯಲ್ಲಿ ನನಗೆ ಆದದ್ದು ಇದೇ. ನಾಲ್ಕು ಎಣಿಸುವವರೆಗೆ ಉಸಿರೆಳೆದು ಆರು ಎಣಿಸುವವರೆಗೆ ಬಿಡುವುದನ್ನು ಈಗಿನಿಂದಲೇ ಮಲಗುವ ಮುನ್ನ ರೂಢಿಸಿಕೊಳ್ಳಿ. ವಿಮಾನದಲ್ಲೇ ಮೊದಲ ಬಾರಿ ಮಾಡಹೋದರೆ ಬರುವುದಿಲ್ಲ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅದನ್ನು ಅದುಮಲು ಹೆಣಗದೆ ಬಂದು ಹೋಗಲು ಬಿಡಿ. ಹತ್ತುವಾಗಲೇ ಸಿಬ್ಬಂದಿಗೆ "ನನಗೆ ಭಯವಿದೆ" ಎಂದು ಹೇಳಿಬಿಡುವುದು ಒಳ್ಳೆಯದು, ಅವರಿಗೆ ಇದು ಹೊಸದಲ್ಲ. ಆ ದಿನ ಚಹಾ, ಕಾಫಿ ಕಡಿಮೆ ಮಾಡಿ.

ಗುಳಿಗೆಯ ವಿಷಯದಲ್ಲಿ ದಯವಿಟ್ಟು ಗೆಳೆಯರ ಮಾತು ಕೇಳಬೇಡಿ. ಆತಂಕ ತಗ್ಗಿಸುವ ಆಲ್ಪ್ರಜೋಲಾಮ್‌ನಂಥವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು. ಮಂಪರಿನಲ್ಲಿ ಕಳೆದ ಪ್ರಯಾಣದಿಂದ ಮನಸ್ಸು ಏನನ್ನೂ ಕಲಿಯುವುದಿಲ್ಲ, ಮುಂದಿನ ಸಲ ಮತ್ತೆ ಗುಳಿಗೆಯೇ ಬೇಕಾಗುತ್ತದೆ. ನಿದ್ದೆ ಕೆಟ್ಟಿರುವುದು ವಾರಗಟ್ಟಲೆಯಿಂದ ಎಂದಾದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ. ಅಷ್ಟು ದೂರ ಬೇಡವೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದಕ್ಕೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳ ಮುಂದೆ ಮರ್ಯಾದೆ ಹೋಗುತ್ತದೆಂದು ಕೊನೆಯಲ್ಲಿ ಬರೆದಿದ್ದೀರಿ. ಅವರಿಂದ ಮುಚ್ಚಿಡುವ ಶ್ರಮವೇ ಭಯದಷ್ಟು ದಣಿಸುತ್ತದೆ, ಇದನ್ನು ಎದೆನೋವಿನ ಸುಳ್ಳು ಹೇಳಿದವನ ಅನುಭವದಿಂದ ಹೇಳುತ್ತಿದ್ದೇನೆ. ದೊಡ್ಡ ಮಗನಿಗೋ ಮಗಳಿಗೋ ಕಿಟಕಿಯ ಸೀಟು ಕೊಟ್ಟು, ಚಕ್ರ ನೆಲ ಬಿಟ್ಟೊಡನೆ ನಿಮ್ಮ ಪರವಾಗಿ ನೂರಿಪ್ಪತ್ತು ಎಣಿಸುವ ಕೆಲಸವನ್ನು ಅವರಿಗೆ ಒಪ್ಪಿಸಿ. ಮರಳಿ ಬರುವಾಗಲೂ ಹೀಗೆಯೇ ಮಾಡಿ. ನನಗೆ ಮರಳುವ ವಿಮಾನದಲ್ಲೇ ಭಯ ಹೆಚ್ಚಾಗಿತ್ತು, ಅದು ಬಾರದೆಂದುಕೊಂಡು ಮೈಮರೆತಿದ್ದೆ.